ತಾರೆಯ ಬಣ್ಣ, ತಾರೆಯ ಬಿಸಿ



ಇದು ಜನವರಿಯ ಕೊನೆಯ ವಾರ. ಮೋಡವಿಲ್ಲದ, ಚಳಿ ಹಿಡಿದ ರಾತ್ರಿಗಳು. ಇಂದು ರಾತ್ರಿ 9 ಗಂಟೆಯ ಹೊತ್ತಿಗೆ, ಬೀದಿದೀಪ ಕಣ್ಣಿಗೆ ಹೊಡೆಯದ ಒಂದು ಜಾಗ ಹುಡುಕಿಕೊಂಡು, ದಕ್ಷಿಣಕ್ಕೆ ಮುಖ ಮಾಡಿ ನಿಂತು ತಲೆ ಎತ್ತಿ. ನೆತ್ತಿಗೆ ಸಮೀಪದಲ್ಲೇ ಮೂರು ನಕ್ಷತ್ರಗಳು ಒಂದೇ ಗೆರೆಯಲ್ಲಿ ನಿಂತಿರುತ್ತವೆ. ಅದು ಮಹಾವ್ಯಾಧ ಎಂಬ ನಕ್ಷತ್ರಪುಂಜದ ನಡುಪಟ್ಟಿ. ಆ ಪಟ್ಟಿಯ ಮೇಲುಗಡೆ ಎಡಕ್ಕೆ ಒಂದು, ಕೆಳಗಡೆ ಬಲಕ್ಕೆ ಒಂದು, ಎರಡು ದೊಡ್ಡ ನಕ್ಷತ್ರಗಳು ಹೊಳೆಯುತ್ತವೆ. ಮೇಲಿನದು ಆರ್ದ್ರಾ, ನಮ್ಮ ಹಳ್ಳಿಯವರ ಬಾಯಲ್ಲಿ ಆರಿದ್ರೆ. ಕೆಳಗಿನದು ರೈಜೆಲ್. ಹೊಳಪಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಆರಿದ್ರೆಯ ಬೆಳಕು ಕಿತ್ತಳೆ ಬೆರೆತ ಕೆಂಪು, ರೈಜೆಲ್‌ನದು ನೀಲಿಗೆ ತಿರುಗಿದ ಬಿಳಿ.

ನಮ್ಮ ರೈತರಿಗೆ ಆರಿದ್ರೆ ಎಂದರೆ ಮೊದಲು ನೆನಪಾಗುವುದು ಮಳೆ. ಜೂನ್ ಕೊನೆಯ ವಾರ ಸೂರ್ಯ ಆ ನಕ್ಷತ್ರದ ನೆರೆಗೆ ಬಂದಾಗ ಸುರಿಯುವುದೇ ಆರಿದ್ರ ಮಳೆ. ಆಗ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಳೆಯ ಹೆಸರಾಗಿ ನಾಲಗೆಯ ಮೇಲೆ ಆಡುವ ಆ ನಕ್ಷತ್ರವನ್ನು ಕಣ್ತುಂಬ ನೋಡುವುದಕ್ಕೆ ಈಗಿನ ಚಳಿಗಾಲವೇ ಸರಿಯಾದ ಸಮಯ. ಹೀಗೆ ನೋಡಿದಾಗ ಕಾಣುವ ಆ ಕೆಂಪು, ಆ ನೀಲಿ ಎಲ್ಲಿಂದ ಬಂತು, ಅದರಿಂದ ಏನೇನು ತಿಳಿಯಬಹುದು ಎನ್ನುವುದೇ ನಾನು ಈಗ ಹೇಳಹೊರಟ ವಿಷಯ.

ತಂತಿಯ ಬಲ್ಬು ಉರಿಯುತ್ತಿದ್ದ ಕಾಲದ ಸಂಜೆಗಳನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಎಲ್ಲರ ಪಂಪ್‌ಸೆಟ್ಟೂ ಒಟ್ಟಿಗೆ ಓಡುವ ಹೊತ್ತಿಗೆ ಊರಿನ ವೋಲ್ಟೇಜು ಕುಸಿಯುತ್ತಿತ್ತು. ಆಗ ಬಲ್ಬಿನೊಳಗಿನ ತಂತಿ ಕೆಂಡದ ಹಾಗೆ ಕೆಂಪಗೆ ಕಾಣುತ್ತಿತ್ತು, ಅದರ ಬೆಳಕಿನಲ್ಲಿ ಅಕ್ಷರ ಓದುವುದಕ್ಕೂ ಆಗುತ್ತಿರಲಿಲ್ಲ. ವೋಲ್ಟೇಜು ಏರಿದಂತೆ ಕೆಂಪು ಕಿತ್ತಳೆಯಾಗಿ, ಕಿತ್ತಳೆ ಹಳದಿಯಾಗಿ, ಕೊನೆಗೆ ಹಳದಿ ಬೆರೆತ ಬಿಳಿಯಾಗಿ ಮನೆ ತುಂಬಾ ಬೆಳಕಾಗುತ್ತಿತ್ತು. ತಂತಿ ಅದೇ, ಟಂಗ್‌ಸ್ಟನ್ ಲೋಹ ಅದೇ. ಬದಲಾದದ್ದು ಬಿಸಿ ಮಾತ್ರ. ಈಗಿನ ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ 2700 ಕೆ, 6500 ಕೆ ಎಂದು ಬರೆದಿರುತ್ತಾರೆ. ಅಷ್ಟು ಡಿಗ್ರಿಗೆ ಕಾದ ವಸ್ತು ಯಾವ ಬಣ್ಣದ ಬೆಳಕು ಕೊಡುತ್ತದೋ ಆ ಬಣ್ಣ ಎಂದು ಅದರ ಅರ್ಥ. ಕೆ ಎಂದರೆ ಕೆಲ್ವಿನ್, ಅಂದರೆ ಸೆಂಟಿಗ್ರೇಡಿಗೆ 273 ಕೂಡಿಸಿದ ಲೆಕ್ಕ. ನಕ್ಷತ್ರಗಳ ಬಿಸಿ ಅಳೆಯುವುದೂ ಇದೇ ಲೆಕ್ಕದಲ್ಲಿ. ಆರಿದ್ರೆಯ ಮೇಲ್ಮೈ ಸುಮಾರು 3,500 ಕೆಲ್ವಿನ್, ನಮ್ಮ ಸೂರ್ಯ 5,772, ರೈಜೆಲ್ ಸುಮಾರು 12,000. ಕೆಂಪು ತಣ್ಣಗಿನದು, ನೀಲಿ ಬಿಸಿಯದು. ಸ್ನಾನದ ಮನೆಯ ನಲ್ಲಿಗೆ ಕೆಂಪು ಗುರುತು ಹಾಕಿ ಬಿಸಿನೀರು ಎನ್ನುವ ನಮ್ಮ ರೂಢಿ ಆಕಾಶದಲ್ಲಿ ತಲೆಕೆಳಗಾಗುತ್ತದೆ.

ಹೀಗೇಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಾದ ಯಾವ ವಸ್ತುವೂ ಒಂದೇ ಬಣ್ಣದ ಬೆಳಕನ್ನು ಸೂಸುವುದಿಲ್ಲ. ಉದ್ದ ಅಲೆಯಿಂದ ಗಿಡ್ಡ ಅಲೆಯವರೆಗೆ ಎಲ್ಲವೂ ಅದರಿಂದ ಹೊರಡುತ್ತವೆ, ಆದರೆ ಎಲ್ಲವೂ ಸಮನಾಗಿ ಅಲ್ಲ. ಯಾವುದೋ ಒಂದು ಅಲೆಯುದ್ದದಲ್ಲಿ ಸೂಸುವಿಕೆ ಶಿಖರ ಮುಟ್ಟಿ ಎರಡೂ ಕಡೆ ಇಳಿದುಹೋಗುತ್ತದೆ. ಬಿಸಿ ಏರಿದಷ್ಟೂ ಆ ಶಿಖರ ಗಿಡ್ಡ ಅಲೆಯ ಕಡೆಗೆ, ಅಂದರೆ ನೀಲಿಯ ಕಡೆಗೆ ಸರಿಯುತ್ತದೆ. ಬಿಸಿ ಇಮ್ಮಡಿಯಾದರೆ ಶಿಖರದ ಅಲೆಯುದ್ದ ಅರ್ಧವಾಗುತ್ತದೆ. ಈ ಸರಳ ಲೆಕ್ಕವನ್ನು 1893ರಲ್ಲಿ ಕೊಟ್ಟವರು ಜರ್ಮನಿಯ ವಿಲ್‌ಹೆಲ್ಮ್ ವೀನ್. ಶಿಖರ ಏಕೆ ಹಾಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಉತ್ತರ ಹುಡುಕುತ್ತ ಹೋದ ಮ್ಯಾಕ್ಸ್ ಪ್ಲಾಂಕ್, 1900ರಲ್ಲಿ ಶಕ್ತಿ ತುಣುಕು ತುಣುಕಾಗಿ ಹೊರಡುತ್ತದೆ ಎಂದು ಹೇಳಬೇಕಾಯಿತು. ಇಡೀ ಕ್ವಾಂಟಮ್ ವಿಜ್ಞಾನ ಮೊಳೆತದ್ದು ಕಾದ ವಸ್ತುವಿನ ಬಣ್ಣ ಏನು ಎಂಬ ಈ ಪ್ರಶ್ನೆಯಿಂದ.

ನಮ್ಮ ಕಣ್ಣಿಗೆ ದಕ್ಕುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ್ದು. 400ರ ಕಡೆ ನೇರಳೆ, 700ರ ಕಡೆ ಕೆಂಪು. ವೀನ್ ಲೆಕ್ಕದಂತೆ ಆರಿದ್ರೆಯ ಶಿಖರ 800 ನ್ಯಾನೋಮೀಟರನ್ನೂ ದಾಟಿ ಅವಕೆಂಪಿನಲ್ಲಿ, ಕಣ್ಣಿಗೆ ಕಾಣದ ಕಡೆ ಇದೆ. ನಮಗೆ ಕಾಣುವುದು ಆ ಗುಡ್ಡದ ಇಳಿಜಾರು ಮಾತ್ರ. ಅದರಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ರೈಜೆಲ್‌ನ ಶಿಖರ 240ರ ಆಸುಪಾಸಿನಲ್ಲಿ, ಅತಿನೇರಳೆಯೊಳಗೆ. ಅಲ್ಲಿಯೂ ನಮಗೆ ಸಿಗುವುದು ಇಳಿಜಾರೇ, ಆದರೆ ಇನ್ನೊಂದು ಮಗ್ಗುಲಿನದು. ಅಲ್ಲಿ ನೀಲಿಯದು ಮೇಲುಗೈ. ಎರಡೂ ನಕ್ಷತ್ರಗಳು ತಮ್ಮ ಬೆಳಕಿನ ದೊಡ್ಡ ಪಾಲನ್ನು ನಮ್ಮ ಕಣ್ಣಿನಿಂದ ಮರೆಮಾಡಿಯೇ ಹೊಳೆಯುತ್ತವೆ.

ಹಾಗಾದರೆ ನಡುವೆ ಇರುವ ಹಸಿರು ಎಲ್ಲಿ ಹೋಯಿತು? ಸೂರ್ಯನ ಶಿಖರ 500 ನ್ಯಾನೋಮೀಟರಿನ ಸಮೀಪ, ನೀಲಿಗೂ ಹಸಿರಿಗೂ ನಡುವೆ ಇದೆ. ಆದರೂ ಹಸಿರು ಸೂರ್ಯನನ್ನು ಯಾರೂ ಕಂಡಿಲ್ಲ, ಹಸಿರು ನಕ್ಷತ್ರವನ್ನೂ ಕಂಡಿಲ್ಲ. ಶಿಖರ ಹಸಿರಿನಲ್ಲಿರುವಾಗ ಎರಡೂ ಪಕ್ಕದ ಕೆಂಪು, ನೀಲಿಗಳೂ ಧಾರಾಳವಾಗಿ ಬರುತ್ತವೆ. ಕಣ್ಣಿನೊಳಗೆ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳೂ ಹೆಚ್ಚುಕಡಿಮೆ ಸಮನಾಗಿ ಎಚ್ಚೆತ್ತಾಗ ನಮಗೆ ತೋರುವುದು ಬಿಳಿ. ವಾತಾವರಣದ ಹೊರಗೆ ಹೋಗಿ ನೋಡಿದವರಿಗೆ ಸೂರ್ಯ ಬಿಳಿಯೇ. ಹೊತ್ತು ಇಳಿಯುವಾಗ ಅದು ಕೆಂಪಾಗುವುದು ತಣ್ಣಗಾಗಿ ಅಲ್ಲ. ಗಾಳಿಯ ದಪ್ಪ ಪದರ ನೀಲಿಯನ್ನು ದಾರಿಯಲ್ಲೇ ಚದುರಿಸಿಬಿಡುತ್ತದೆ, ಅಷ್ಟೆ. ಮಂಗಳ ಗ್ರಹದ ಕೆಂಪಿನದೂ ಬೇರೆಯೇ ಕಥೆ. ಗ್ರಹಕ್ಕೆ ಸ್ವಂತ ಬೆಳಕಿಲ್ಲ. ಅದರ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನ ಬಣ್ಣ ಸೂರ್ಯನ ಬೆಳಕಿನಲ್ಲಿ ನಮಗೆ ಕಾಣುತ್ತದೆ. ಬಣ್ಣದಿಂದ ಬಿಸಿ ತಿಳಿಯುವ ವಿದ್ಯೆ ಸ್ವಯಂಪ್ರಕಾಶದ ಕಾಯಗಳಿಗೆ ಮಾತ್ರ ಸಲ್ಲುತ್ತದೆ.

ಎಲ್ಲ ನಕ್ಷತ್ರಗಳೂ ತನಗೆ ಬಿಳಿಯೇ ಕಾಣುತ್ತವೆ ಎಂದು ಯಾರಾದರೂ ಹೇಳಿದರೆ ಅದೂ ನಿಜವೇ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣದ ಅರಿವಿಲ್ಲ, ಬಣ್ಣ ತಿಳಿಯುವ ಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಆದ್ದರಿಂದ ಹತ್ತಿಪ್ಪತ್ತು ಪ್ರಕಾಶಮಾನ ನಕ್ಷತ್ರಗಳ ಬಣ್ಣವಷ್ಟೇ ಬರಿಗಣ್ಣಿಗೆ ಸಿಗುತ್ತದೆ. ಅದಕ್ಕೊಂದು ಉಪಾಯ ಹೇಳುತ್ತೇನೆ. ಬೈನಾಕ್ಯುಲರ್ ಇದ್ದರೆ ನಕ್ಷತ್ರದ ಕಡೆ ಹಿಡಿದು, ಬೇಕೆಂದೇ ಫೋಕಸ್ ತಪ್ಪಿಸಿ. ಸೂಜಿಮೊನೆಯಂಥ ಬೆಳಕು ಅಗಲವಾಗಿ ಹರಡಿ ಪುಟ್ಟ ಬಿಲ್ಲೆಯಾಗುತ್ತದೆ, ಬಣ್ಣ ಚೆನ್ನಾಗಿ ಎದ್ದು ಕಾಣುತ್ತದೆ. ಆರಿದ್ರೆಯಿಂದ ಪಶ್ಚಿಮಕ್ಕೆ ಹೊರಳಿ ರೋಹಿಣಿಯನ್ನು ನೋಡಿ, ಅದು ಕಿತ್ತಳೆ, 3,900 ಕೆಲ್ವಿನ್. ಉತ್ತರಕ್ಕೆ ತಿರುಗಿದರೆ ಬ್ರಹ್ಮಹೃದಯ, ಹಳದಿ, 5,000ದ ಹತ್ತಿರ. ಆಗ್ನೇಯದಲ್ಲಿ ಇಡೀ ಆಕಾಶಕ್ಕೇ ಹೆಚ್ಚು ಪ್ರಕಾಶದ ಲುಬ್ಧಕ, ನೀಲಿ ಸೋಕಿದ ಬಿಳಿ, 10,000ಕ್ಕೆ ತುಸು ಕಡಿಮೆ. ಲುಬ್ಧಕ ದಿಗಂತದ ಬಳಿಯಿರುವಾಗ ಕೆಂಪು, ಹಸಿರು, ನೀಲಿ ಎಂದು ಕ್ಷಣಕ್ಕೊಂದು ಬಣ್ಣ ಚಿಮ್ಮಿಸುತ್ತದೆ. ಅದು ಗಾಳಿಯ ಅಲುಗಾಟದಿಂದ ಆಗುವುದು. ಅದು ಮೇಲೇರಿ ಶಾಂತವಾದ ಮೇಲೆ ನೋಡಿದರೆ ಅದರ ಸ್ವಂತ ಬಣ್ಣ ಸಿಗುತ್ತದೆ.

ಬಣ್ಣ ಬಿಸಿಯನ್ನು ಹೇಳಿ ಅಲ್ಲಿಗೇ ಸುಮ್ಮನಾಗುವುದಿಲ್ಲ. ಒಂದು ಚದರ ಮೀಟರ್ ಮೇಲ್ಮೈ ಎಷ್ಟು ಬೆಳಕು ಸೂಸುತ್ತದೆ ಎಂಬುದು ಬಿಸಿಯ ನಾಲ್ಕನೆಯ ಘಾತದಂತೆ ಏರುತ್ತದೆ. ರೈಜೆಲ್‌ನ ಒಂದು ಚದರ ಮೀಟರ್ ಆರಿದ್ರೆಯ ಒಂದು ಚದರ ಮೀಟರಿಗಿಂತ ನೂರು ಪಟ್ಟಿಗೂ ಹೆಚ್ಚು ಶಕ್ತಿ ಚೆಲ್ಲುತ್ತದೆ. ಇಷ್ಟು ಬಡಕಲು ಮೇಲ್ಮೈ ಇದ್ದೂ, ಹಲವು ನೂರು ಜ್ಯೋತಿರ್ವರ್ಷ ದೂರದಿಂದ ಆರಿದ್ರೆ ಹೀಗೆ ಹೊಳೆಯಬೇಕಾದರೆ ಅದು ಊಹೆಗೂ ಮೀರಿದಷ್ಟು ದೊಡ್ಡದಿರಬೇಕು. ಇದು ಕಾಗದದ ಮೇಲಿನ ತರ್ಕ. 1920ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಆಲ್ಬರ್ಟ್ ಮೈಕೆಲ್ಸನ್ ಮತ್ತು ಫ್ರಾನ್ಸಿಸ್ ಪೀಸ್ ಅದನ್ನು ಅಳೆದೇ ತೋರಿಸಿದರು. ಸೂರ್ಯನ ಹೊರತು ಬೇರೊಂದು ನಕ್ಷತ್ರದ ಗಾತ್ರವನ್ನು ಮನುಷ್ಯ ನೇರವಾಗಿ ಅಳೆದದ್ದು ಅದೇ ಮೊದಲು. ಆರಿದ್ರೆಯನ್ನು ತಂದು ಸೂರ್ಯನ ಜಾಗದಲ್ಲಿ ಕೂರಿಸಿದರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲವೂ ಅದರ ಹೊಟ್ಟೆಯೊಳಗೆ.

ಲುಬ್ಧಕದ ಪಕ್ಕದಲ್ಲೇ ಆರಿದ್ರೆಗೆ ಪೂರ್ತಿ ತದ್ವಿರುದ್ಧವಾದ ಒಂದು ಸಣ್ಣ ಸಂಗಾತಿ ಇದೆ. 1862ರಲ್ಲಿ ಹೊಸ ಮಸೂರವೊಂದನ್ನು ಪರೀಕ್ಷಿಸುತ್ತಿದ್ದ ಆಲ್ವನ್ ಗ್ರಹಾಂ ಕ್ಲಾರ್ಕ್ ಕಣ್ಣಿಗೆ ಅದು ಮೊದಲು ಬಿತ್ತು. ಬೆಳಕು ತೀರಾ ಮಂದ, ಹಾಗಾಗಿ ತಣ್ಣಗಿನ ನಕ್ಷತ್ರವಿರಬೇಕು ಎನ್ನಿಸುವುದು ಸಹಜ. 1915ರಲ್ಲಿ ವಾಲ್ಟರ್ ಆಡಮ್ಸ್ ಅದರ ಬೆಳಕನ್ನು ಬಿಡಿಸಿ ನೋಡಿದರೆ ಅದು ಬಿಳಿ, ಬಿಸಿ ನಕ್ಷತ್ರ. ಈಗಿನ ಅಳತೆಯಲ್ಲಿ ಸುಮಾರು 25,000 ಕೆಲ್ವಿನ್. ಅಷ್ಟು ಬಿಸಿ ಇದ್ದೂ ಅಷ್ಟು ಮಂದ ಎಂದರೆ ಅದರ ಮೈ ಬಹಳ ಚಿಕ್ಕದು. ಸೂರ್ಯನಷ್ಟು ದ್ರವ್ಯ ಭೂಮಿಯ ಗಾತ್ರದಲ್ಲಿ ಅಡಕವಾಗಿರುವ ಶ್ವೇತಕುಬ್ಜ ಅದು. ಅಂಥ ಕುಬ್ಜ ಎಷ್ಟು ಭಾರದವರೆಗೆ ತಾಳಿಕೊಳ್ಳಬಲ್ಲದು ಎಂಬ ಲೆಕ್ಕ 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕುಳಿತ 19ರ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಕೈಯಲ್ಲಿ ಆಕಾರ ಪಡೆಯಿತು.

ಈಗ ಒಂದು ತೊಡಕು. ಇಳಿಹೊತ್ತಿನ ಸೂರ್ಯನನ್ನು ನಮ್ಮ ಗಾಳಿ ಕೆಂಪಾಗಿಸುವ ಹಾಗೆ, ನಕ್ಷತ್ರಗಳ ನಡುವಿನ ಧೂಳು ದೂರದ ನಕ್ಷತ್ರಗಳನ್ನು ಕೆಂಪಾಗಿಸುತ್ತದೆ. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ಇದನ್ನು ನಿಸ್ಸಂಶಯವಾಗಿ ತೋರಿಸಿದರು. ಹಾಗಾದರೆ ಕೆಂಪಗೆ ಕಂಡದ್ದು ನಿಜಕ್ಕೂ ತಣ್ಣಗಿದೆಯೋ, ಧೂಳಿನ ಹಿಂದೆ ಇದೆಯೋ? ಬಣ್ಣವೊಂದನ್ನೇ ನಂಬಿದರೆ ಹೇಳಲಾಗದು. ಇನ್ನೊಂದು ಸಾಕ್ಷಿ ಬೇಕು. ಆ ಸಾಕ್ಷಿ ಬೆಳಕಿನೊಳಗೇ ಇತ್ತು, ಆದರೆ ಬಹುಕಾಲ ಅದರ ಮಾತು ತಿಳಿಯುವವರು ಇರಲಿಲ್ಲ.

ಜೋಸೆಫ್ ಫ್ರಾನ್‌ಹೋಫರ್ 1814ರಲ್ಲಿ ಸೂರ್ಯನ ರೋಹಿತವನ್ನು, ಅಂದರೆ ಬಿಡಿಸಿ ಹರಡಿದ ಬಣ್ಣದ ಪಟ್ಟಿಯನ್ನು ಹತ್ತಿರದಿಂದ ನೋಡಿ, ಅದರಲ್ಲಿ ನೂರಾರು ಕಪ್ಪು ಗೆರೆಗಳನ್ನು ಗುರುತಿಸಿದ್ದರು. ಆ ಗೆರೆಗಳು ಮೂಲವಸ್ತುಗಳ ಸಹಿ ಎಂಬುದನ್ನು 1859ರಲ್ಲಿ ಕಿರ್ಚಾಫ್ ಮತ್ತು ಬುನ್ಸೆನ್ ಹೇಳಿದರು. ಆಮೇಲೆ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆನಿ ಜಂಪ್ ಕ್ಯಾನನ್ ಗಾಜಿನ ಫಲಕಗಳ ಮೇಲೆ ಮೂಡಿದ ರೋಹಿತಗಳನ್ನು ಒಂದೊಂದಾಗಿ ನೋಡಿ ವಿಂಗಡಿಸಿದರು. ಅವರಿಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ, ಆದರೆ ಅವರ ಕಣ್ಣಿಗೆ ಸಾಟಿಯಿರಲಿಲ್ಲ. 1918ರಿಂದ 1924ರವರೆಗೆ ಅಚ್ಚಾದ ಪಟ್ಟಿಯಲ್ಲಿ 2,25,300 ನಕ್ಷತ್ರಗಳಿವೆ. ಅವರು ಇಟ್ಟ ವರ್ಗಗಳ ಹೆಸರು ಓ, ಬಿ, ಎ, ಎಫ್, ಜಿ, ಕೆ, ಎಂ. ಮೊದಲು ಜಲಜನಕದ ಗೆರೆ ದಟ್ಟವಾಗಿರುವ ಲೆಕ್ಕದಲ್ಲಿ ಎ, ಬಿ, ಸಿ ಎಂದು ಹೆಸರಿಟ್ಟಿದ್ದರು. ಕ್ಯಾನನ್ ಗೆರೆಗಳು ಹಂತಹಂತವಾಗಿ ಬದಲಾಗುವ ಬಗೆಯನ್ನು ಹಿಡಿದು ಸಾಲನ್ನು ಹಿಂದುಮುಂದು ಮಾಡಿದರು. ಹಾಗೆ ಮಾಡಿದಾಗ ನೀಲಿ ನಕ್ಷತ್ರಗಳೆಲ್ಲ ಒಂದು ತುದಿಗೆ, ಕೆಂಪು ನಕ್ಷತ್ರಗಳೆಲ್ಲ ಇನ್ನೊಂದು ತುದಿಗೆ ಬಂದು ನಿಂತವು. ಏಕೆ ಎಂಬುದು ಮಾತ್ರ ಒಗಟು. ಲುಬ್ಧಕದಂಥ ಎ ವರ್ಗದಲ್ಲಿ ಜಲಜನಕದ ಗೆರೆ ಗಾಢ. ಅದಕ್ಕಿಂತ ಬಿಸಿಯದರಲ್ಲೂ ಮಸುಕು, ತಣ್ಣಗಿನದರಲ್ಲೂ ಮಸುಕು. ಒಂದೊಂದು ನಕ್ಷತ್ರ ಒಂದೊಂದು ಬೇರೆ ವಸ್ತುವಿನಿಂದ ಆಗಿದೆಯೇನೋ ಎಂದು ಅನೇಕರು ಭಾವಿಸಿದ್ದರು.

ಒಗಟು ಬಿಡಿಸಿದ್ದು ಕಲ್ಕತ್ತೆಯಲ್ಲಿ. ಢಾಕಾ ಬಳಿಯ ಹಳ್ಳಿಯೊಂದರ ಸಣ್ಣ ಅಂಗಡಿಯವರ ಮಗ ಮೇಘನಾದ ಸಾಹಾ. ಬಂಗಾಳ ವಿಭಜನೆಯ ದಿನಗಳಲ್ಲಿ ಗವರ್ನರ ಭೇಟಿಯನ್ನು ಬಹಿಷ್ಕರಿಸಿದ್ದಕ್ಕೆ ಶಾಲೆಯನ್ನೂ ವಿದ್ಯಾರ್ಥಿವೇತನವನ್ನೂ ಕಳೆದುಕೊಂಡ ಹುಡುಗ. ಕಲ್ಕತ್ತೆಯ ಹಾಸ್ಟೆಲಿನಲ್ಲಿ ಜಾತಿಯ ಕಾರಣಕ್ಕೆ ಬೇರೆ ಕೂತು ಉಣ್ಣಬೇಕಾಗಿ ಬಂದ ವಿದ್ಯಾರ್ಥಿ. ದೂರದರ್ಶಕವಿರಲಿ, ಒಳ್ಳೆಯ ಪ್ರಯೋಗಾಲಯವೂ ಕೈಯಲ್ಲಿ ಇರಲಿಲ್ಲ. ಆ್ಯಗ್ನೆಸ್ ಕ್ಲರ್ಕ್ ಜನರಿಗಾಗಿ ಬರೆದ ಖಗೋಳ ಪುಸ್ತಕಗಳನ್ನು ಓದಿದ್ದರು, ಜರ್ಮನ್ ಕಲಿತಿದ್ದರು, ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಉಷ್ಣಗತಿಶಾಸ್ತ್ರ ಪಾಠ ಹೇಳುತ್ತಿದ್ದರು. ಬಿಸಿಗೆ ಅಣು ಒಡೆಯುವ ಲೆಕ್ಕವನ್ನು ರಸಾಯನಶಾಸ್ತ್ರಜ್ಞರು ಮೊದಲೇ ಹಾಕಿಟ್ಟಿದ್ದರು. ಸಾಹಾ ಅದನ್ನೇ ಪರಮಾಣುವಿನಿಂದ ಇಲೆಕ್ಟ್ರಾನ್ ಕಳಚುವುದಕ್ಕೂ ಹಾಕಿದರು. ಎಷ್ಟು ಬಿಸಿಯಲ್ಲಿ, ಎಷ್ಟು ಒತ್ತಡದಲ್ಲಿ ಎಷ್ಟು ಪಾಲು ಪರಮಾಣುಗಳು ಇಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂದು ಅದು ಹೇಳಿತು. ಆ ಲೆಕ್ಕದ ಪ್ರಬಂಧ 1920ರಲ್ಲಿ ಅಚ್ಚಾಯಿತು, ಆ ವರ್ಷವೇ ಅವರಿಗೆ 27 ತುಂಬಿತು.

ಅದನ್ನು ಜಲಜನಕಕ್ಕೆ ಹಚ್ಚಿ ನೋಡಿ. ನಮ್ಮ ಕಣ್ಣಿಗೆ ಕಾಣುವ ಗೆರೆ ಮೂಡಬೇಕಾದರೆ ಇಲೆಕ್ಟ್ರಾನ್ ನೆಲದ ಮಟ್ಟ ಬಿಟ್ಟು ಎರಡನೆಯ ಮಟ್ಟಕ್ಕೆ ಏರಿರಬೇಕು. ತಣ್ಣಗಿನ ನಕ್ಷತ್ರದಲ್ಲಿ ಅಷ್ಟು ಏರಿಸುವ ಬಿಸಿ ಇಲ್ಲ. ಬಹಳ ಬಿಸಿಯಾದರೆ ಇಲೆಕ್ಟ್ರಾನ್ ಪರಮಾಣುವನ್ನೇ ಬಿಟ್ಟು ಹೋಗುತ್ತದೆ, ಗೆರೆ ಮೂಡಿಸಲು ಯಾರೂ ಉಳಿಯುವುದಿಲ್ಲ. ಎರಡರ ನಡುವೆ, 10,000 ಕೆಲ್ವಿನ್ ಆಸುಪಾಸಿನಲ್ಲಿ ಗೆರೆ ಅತಿ ಗಾಢ. ಕ್ಯಾನನ್ ಸಾಲು ಬಿಸಿಯ ಸಾಲು ಎಂಬುದು ಖಚಿತವಾಯಿತು. ವಸ್ತು ಎಲ್ಲೆಡೆ ಹೆಚ್ಚುಕಡಿಮೆ ಒಂದೇ, ಬೇರೆಯಾದದ್ದು ಬಿಸಿ. ನಮ್ಮ ದೇಶದಲ್ಲಿ ಕುಳಿತು ಬರೆದ ವಿಜ್ಞಾನದ ಪುಟಗಳಲ್ಲಿ ಇದಕ್ಕಿಂತ ದೊಡ್ಡದು ಬಹಳ ಇಲ್ಲ ಎಂದೇ ನನ್ನ ಎಣಿಕೆ. ಸಾಹಾ ಹೆಸರು ನಮ್ಮ ಮಕ್ಕಳಿಗೆ ಇನ್ನೂ ಹೆಚ್ಚು ಪರಿಚಯವಾಗಬೇಕು.

ಸಾಹಾ ಅವರ ಆ ಲೆಕ್ಕವನ್ನೇ ಹಿಡಿದು ಹಾರ್ವರ್ಡಿನಲ್ಲಿ ಸಿಸಿಲಿಯಾ ಪೇನ್ ಎಂಬ 25ರ ಯುವತಿ 1925ರಲ್ಲಿ ಇನ್ನೂ ಮುಂದೆ ಹೋದರು. ಸೂರ್ಯನಲ್ಲಿ ಜಲಜನಕದ ಗೆರೆ ಸಾಧಾರಣ. ಆದರೆ ಸೂರ್ಯನಷ್ಟು ಕಡಿಮೆ ಬಿಸಿಯಲ್ಲಿ ಅಷ್ಟಾದರೂ ಗೆರೆ ಮೂಡಬೇಕಾದರೆ ಜಲಜನಕ ಮಿಕ್ಕೆಲ್ಲದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು ಎಂಬುದು ಅವರ ಲೆಕ್ಕ. ಆ ಕಾಲದ ದೊಡ್ಡ ಖಗೋಳಜ್ಞ ಹೆನ್ರಿ ನಾರಿಸ್ ರಸೆಲ್ ಅದು ಸಾಧ್ಯವಿಲ್ಲ ಎಂದದ್ದರಿಂದ, ಪೇನ್ ತಮ್ಮ ಪ್ರಬಂಧದಲ್ಲೇ ತಮ್ಮ ಫಲಿತಾಂಶವನ್ನು ನಂಬಲಾಗದೆಂದು ಬರೆಯಬೇಕಾಯಿತು. ನಾಲ್ಕು ವರ್ಷದ ನಂತರ ರಸೆಲ್ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದರು. ನಕ್ಷತ್ರಗಳು ಜಲಜನಕದ ಉಂಡೆಗಳು ಎಂದು ಮೊದಲು ಕಂಡವರು ಪೇನ್.

ಬಣ್ಣ ಮತ್ತು ಗೆರೆ, ಈ ಎರಡು ಸಾಕ್ಷಿಗಳನ್ನು ಎದುರುಬದುರು ನಿಲ್ಲಿಸುವುದು ಎಷ್ಟು ಉಪಯುಕ್ತ ಎಂಬುದು ಈಚೆಗೆ ಆರಿದ್ರೆಯ ವಿಷಯದಲ್ಲೇ ತಿಳಿಯಿತು. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಸುಕಾಗತೊಡಗಿ, 2020ರ ಫೆಬ್ರವರಿಯ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಹೊಳಪು ಕಳೆದುಕೊಂಡಿತ್ತು. ಬರಿಗಣ್ಣಿಗೇ ತಿಳಿಯುವಷ್ಟು ಮಂಕು. ನಕ್ಷತ್ರ ಸಿಡಿಯುವ ಮುನ್ಸೂಚನೆಯೇ ಎಂದು ಜಗತ್ತೆಲ್ಲ ಮಾತಾಡಿಕೊಂಡಿತು. ಮೇಲ್ಮೈ ತಣ್ಣಗಾಗಿರಬಹುದೆಂಬುದು ಒಂದು ವಾದ. ತಣ್ಣಗಿನ ಕೆಂಪು ನಕ್ಷತ್ರಗಳಲ್ಲಿ ಟೈಟಾನಿಯಂ ಆಕ್ಸೈಡ್ ಅಣುಗಳು ಒಡೆಯದೆ ಉಳಿದು ರೋಹಿತದಲ್ಲಿ ಅಗಲವಾದ ಪಟ್ಟೆ ಮೂಡಿಸುತ್ತವೆ, ಬಿಸಿ ಇಳಿದಷ್ಟೂ ಆ ಪಟ್ಟೆ ದಟ್ಟವಾಗುತ್ತದೆ. ಎಮಿಲಿ ಲೆವೆಸ್ಕ್ ಮತ್ತು ಫಿಲಿಪ್ ಮ್ಯಾಸಿ ಅದೇ ಫೆಬ್ರವರಿಯಲ್ಲಿ ಆ ಪಟ್ಟೆಗಳನ್ನು ಅಳೆದರು. 2004ರಲ್ಲಿ 3,650 ಇದ್ದದ್ದು 3,600 ಕೆಲ್ವಿನ್‌ಗೆ ಇಳಿದಿತ್ತು, ಅಷ್ಟೇ. ಆ 50 ಡಿಗ್ರಿಯಿಂದ ಅಷ್ಟು ಮಂಕು ಬರುವುದಿಲ್ಲ. ನಕ್ಷತ್ರ ತಾನೇ ಉಗುಳಿದ ಅನಿಲ ತಣಿದು ಧೂಳಾಗಿ ನಮಗೂ ಅದಕ್ಕೂ ನಡುವೆ ಬಂದದ್ದೇ ಮಂಕಿಗೆ ಮುಖ್ಯ ಕಾರಣ ಎಂಬ ನಿಲುವಿಗೆ ಇದು ಬಲ ಕೊಟ್ಟಿತು. ಕೆಲವು ತಿಂಗಳಲ್ಲಿ ಆರಿದ್ರೆ ಮೊದಲಿನ ಹೊಳಪಿಗೆ ಮರಳಿತು.

ಬಣ್ಣದಿಂದ ವಯಸ್ಸೂ ತಿಳಿಯುತ್ತದೆ. ನೀಲಿ ನಕ್ಷತ್ರಗಳು ಭಾರವಾದವು, ತಮ್ಮ ಇಂಧನವನ್ನು ದುಂದು ಮಾಡಿ ಬೇಗ ಮುಗಿಸಿಕೊಳ್ಳುವವು. ಆದ್ದರಿಂದ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಗುಂಪೊಂದರಲ್ಲಿ ನೀಲಿ ನಕ್ಷತ್ರಗಳು ಉಳಿದಿದ್ದರೆ ಆ ಗುಂಪು ಎಳೆಯದು. ರೋಹಿಣಿಯಿಂದ ಇನ್ನೂ ಪಶ್ಚಿಮಕ್ಕೆ ಕಾಣುವ ಕೃತ್ತಿಕೆಯಲ್ಲಿ ಎದ್ದು ಕಾಣುವ ನಕ್ಷತ್ರಗಳೆಲ್ಲ ನೀಲಿಬಿಳಿ. ಅದರ ವಯಸ್ಸು ಸುಮಾರು 10 ಕೋಟಿ ವರ್ಷ, ನಕ್ಷತ್ರಗಳ ಲೆಕ್ಕದಲ್ಲಿ ಹಸುಗೂಸು. ಹಳೆಯ ಗುಂಪುಗಳಲ್ಲಿ ನೀಲಿಯವು ಎಂದೋ ಮುಗಿದು ಹಳದಿ, ಕೆಂಪಿನವು ಮಾತ್ರ ಉಳಿದಿರಬೇಕು. ಆದರೆ 1953ರಲ್ಲಿ ಆ್ಯಲನ್ ಸ್ಯಾಂಡೇಜ್ ಎಂಬವರು ಎಂ3 ಎಂಬ ಬಲು ಹಳೆಯ ಗುಂಪಿನಲ್ಲಿ ಇರಬಾರದ ನೀಲಿ ನಕ್ಷತ್ರಗಳನ್ನು ಕಂಡರು. ಓರಗೆಯವರೆಲ್ಲ ಮುಪ್ಪಾಗಿರುವಾಗ ಇವಕ್ಕೆ ಈ ಯೌವನ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಉತ್ತರದ ಒಂದು ತುಣುಕು ನಮ್ಮ ಬೆಂಗಳೂರಿನಿಂದ ಬಂದಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ಬೆಳಕನ್ನು ನೋಡುವ ದೂರದರ್ಶಕವೊಂದಿದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ಉಪಕರಣ ಅದು. ಅತಿನೇರಳೆಯಲ್ಲಿ ತಣ್ಣಗಿನ ನಕ್ಷತ್ರಗಳು ಬಹುಮಟ್ಟಿಗೆ ಮರೆಯಾಗಿ ಬಿಸಿಯವು ಮಾತ್ರ ಎದ್ದು ನಿಲ್ಲುತ್ತವೆ. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಅದನ್ನು ಧ್ರುವ ನಕ್ಷತ್ರದ ಸಮೀಪದಲ್ಲಿರುವ, ಹಲವು ನೂರು ಕೋಟಿ ವರ್ಷ ಹಳೆಯ ಎನ್‌ಜಿಸಿ 188 ಎಂಬ ಗುಂಪಿನ ಕಡೆ ತಿರುಗಿಸಿದರು. ಅಲ್ಲಿನ, ಓರಗೆಯವರಿಗಿಂತ ನೀಲಿಗೆ ವಾಲಿದ ಅಂಥದೊಂದು ನಕ್ಷತ್ರದ ಬಿಸಿ 6,000 ಕೆಲ್ವಿನ್ ಸಮೀಪ. ಆದರೆ ಅದರಿಂದ ಬರುತ್ತಿದ್ದ ಅತಿನೇರಳೆ ಬೆಳಕು ಆ ಬಿಸಿಗೆ ಒಪ್ಪುವುದಕ್ಕಿಂತ ಬಹಳ ಹೆಚ್ಚಾಗಿತ್ತು. ಲೆಕ್ಕ ಬಿಡಿಸಿದಾಗ ಒಂದರ ಬೆಳಕಿನೊಳಗೆ ಇನ್ನೊಂದು ಅಡಗಿತ್ತು, ಸುಮಾರು 17,000 ಕೆಲ್ವಿನ್‌ನ ಒಂದು ಪುಟ್ಟ ಸಂಗಾತಿ. ತನ್ನ ಹೊರಮೈಯ ಅನಿಲವನ್ನೆಲ್ಲ ಜೊತೆಗಾರನಿಗೆ ಸುರಿದು, ಬಿಸಿ ತಿರುಳಷ್ಟೇ ಉಳಿದ ನಕ್ಷತ್ರ ಅದು. ಆ ಅನಿಲ ಪಡೆದು ಭಾರವಾದ ಜೊತೆಗಾರನೇ ತನ್ನ ಓರಗೆಯವರಿಗಿಂತ ಹೆಚ್ಚು ನೀಲಿಗೆ ವಾಲಿ ಹೊಳೆಯುತ್ತಿರುವುದು. 2016ರಲ್ಲಿ ಈ ಸಂಶೋಧನೆ ಪ್ರಕಟವಾಯಿತು.